‘ರೀ’ ಎಂಬ ಒಂದಕ್ಷರ

೨೦೨೪ರ ಮಾರ್ಚ್ ೧೪, ಗುರುವಾರ, ಬೆಳಿಗ್ಗೆ ೭ ಗಂಟೆ ೧೦ ನಿಮಿಷ. ನಮ್ಮ ರಕ್ತಪರೀಕ್ಷೆಯ ಲ್ಯಾಬಿನ ಬಾಗಿಲಲ್ಲಿ ಬೈಂಡಿಂಗ್‌ನವರು ಮೂರನೆಯ ಸಲ ನಿಂತಿದ್ದರು. ಪುಸ್ತಕಗಳಿಗೆ ರಟ್ಟು ಕಟ್ಟುವುದು ಅವರ ಕೆಲಸ. ಉಗುರಿನ ಅಂಚಿನಲ್ಲಿ ಅಂಟು ಒಣಗಿತ್ತು. ಸೋಮವಾರ ಅವರ ಹೊಟ್ಟೆಯ ಆಪರೇಷನ್. ಹಿಮೋಗ್ಲೋಬಿನ್ ಹತ್ತು ದಾಟಿದ್ದರೆ ಮಾತ್ರ ಎಂದು ವೈದ್ಯರು ಚೀಟಿಯಲ್ಲಿ ಬರೆದಿದ್ದರು. ಎರಡು ಸಲ ಬಂದೂ ಅವರು ರಕ್ತ ಕೊಡದೆ ಹೋಗಿದ್ದರು. ಕಾರಣ ಸೂಜಿಯಲ್ಲ.

ರಕ್ತ ತೆಗೆಯುವವರನ್ನು ನಾವು ಸೂಜಿಯಕ್ಕ ಎನ್ನುತ್ತೇವೆ. ಬಂದವರಿಗೆಲ್ಲ ಒಂದು ಸಂಬಂಧ ಹಚ್ಚಿ, ಮಾತಿಗೆಳೆದು, ತೋಳು ಸಡಿಲಾದ ಗಳಿಗೆಯಲ್ಲಿ ಚುಚ್ಚುವುದು ಅವರ ಪದ್ಧತಿ. ಮೊದಲ ಸಲ “ಬಾರಣ್ಣ, ಕೂತ್ಕೊ” ಎಂದರು. ಬೈಂಡಿಂಗ್‌ನವರ ಮುಖ ಬಿಗಿಯಿತು. “ತಪ್ಪಾಯ್ತು ತಾಯಿ” ಎಂದು ಸೂಜಿಯಕ್ಕ ತಿದ್ದಿಕೊಂಡರು. ಬೈಂಡಿಂಗ್‌ನವರು ಎದ್ದು ಹೋದರು. ಎರಡನೆಯ ಸಲ ಸೂಜಿಯಕ್ಕ ತುಟಿ ಹೊಲಿದುಕೊಂಡವರಂತೆ ಕೂತರು. ಮಾತಿಲ್ಲದೆ ಅವರ ಕೈ ಓಡಲಿಲ್ಲ. ಎರಡು ಕಡೆ ಚುಚ್ಚಿದರೂ ನರ ಸಿಗಲಿಲ್ಲ.

ಅಂದು ಹೊರಡುವಾಗ ಬೈಂಡಿಂಗ್‌ನವರು, ಪರೀಕ್ಷೆಯ ಯಂತ್ರ ನೋಡಿಕೊಳ್ಳುವ ನನಗೆ ಹೇಳಿದ್ದರು: “ನಾನು ಅಣ್ಣನೂ ಅಲ್ಲ, ತಾಯಿನೂ ಅಲ್ಲ. ಹಾಗಂತ ನನ್ನ ಹತ್ರ ಮಾತೇ ಆಡಬಾರದು ಅಂತಲೂ ಅಲ್ಲ.”

ನಾನು ಸೂಜಿಯಕ್ಕನಿಗೆ ಒಂದು ದಾರಿ ಸೂಚಿಸಿದೆ. “‘ರೀ’ ಅನ್ನಿ. ಯಾರಿಗಾದ್ರೂ ಸಲ್ಲುತ್ತೆ.”

“ರೀ ಅಂತೆ! ಮೂವತ್ತೆರಡು ವರ್ಷದಿಂದ ಆ ಮಾತನ್ನ ಒಬ್ಬರಿಗೇ ಬರೆದುಕೊಟ್ಟಿದೀನಿ” ಎಂದು ಹಲಗೆಯ ಗೋಡೆಯತ್ತ ಗದ್ದ ಎತ್ತಿ ತೋರಿಸಿದರು. ಅದರಾಚೆ ರಿಪೋರ್ಟ್ ಟೈಪ್ ಮಾಡುವವರು ಅವರ ಗಂಡ.

ಈಗ ಮೂರನೆಯ ಸಲ. ಸೂಜಿಯಕ್ಕ ತೋಳಿಗೆ ಪಟ್ಟಿ ಬಿಗಿದರು. ನನ್ನನ್ನೊಮ್ಮೆ ನೋಡಿದರು. ಉಸಿರೆಳೆದುಕೊಂಡು, ಅಭ್ಯಾಸವಿರುವ ರಾಗದಲ್ಲೇ ಕರೆದರು: “ರೀ, ಸ್ವಲ್ಪ ಮುಷ್ಟಿ ಕಟ್ಟಿ.”

“ಯಾವ ಕೈದು?” ಎಂದಿತು ಗೋಡೆಯಾಚೆಯ ದನಿ. ಕನ್ನಡಕ ಹಣೆಗೇರಿಸಿ ಗಂಡ ಬಂದೇಬಿಟ್ಟರು, ಬಲಗೈ ಮುಷ್ಟಿ ಕಟ್ಟಿಕೊಂಡು.

“ನಿಮ್ಮನ್ನಲ್ಲರೀ. ಇವರನ್ನ.”

“ನನ್ನ ಬಿಟ್ಟು ಇನ್ನೊಬ್ಬರು ‘ರೀ’ ಇದ್ದಾರಾ?”

ಬೈಂಡಿಂಗ್‌ನವರು ಒಮ್ಮೆ ಗಂಡನನ್ನು, ಒಮ್ಮೆ ಹೆಂಡತಿಯನ್ನು ನೋಡಿದರು. ಅವರ ಭುಜ ಅಲುಗಿತು. ನಗುತ್ತಿದ್ದರು. “ಐದು ನಿಮಿಷ ಆ ಮಾತನ್ನ ನನಗೆ ಬಿಟ್ಟುಕೊಡಿ ಸಾಕು.”

“ಧಾರಾಳವಾಗಿ ಇಟ್ಕೊಳ್ಳಿ. ಜೊತೆಗೆ ಬೈಗುಳನೂ ಬರುತ್ತೆ, ನೋಡ್ಕೊಳ್ಳಿ” ಎಂದು ಗಂಡ ಮುಷ್ಟಿ ಬಿಚ್ಚಿ ಒಳಗೆ ಹೋದರು.

ಸೂಜಿಯಕ್ಕನ ಕಿವಿ ಕೆಂಪಾಗಿತ್ತು, ಆದರೆ ನಾಲಗೆಗೆ ದಾರಿ ಸಿಕ್ಕಿತ್ತು. “ಅಲ್ಲಾ ರೀ, ದಪ್ಪ ಪುಸ್ತಕಕ್ಕೆ ಎಷ್ಟು ಹೊಲಿಗೆ ಹಾಕ್ತೀರಿ?”

“ಹಾಳೆ ನೋಡ್ಕೊಂಡು. ತೆಳ್ಳಗಿದ್ರೆ ಹತ್ತಿರ ಹತ್ತಿರ, ಇಲ್ಲಾಂದ್ರೆ ಹರಿಯುತ್ತೆ. ಯಾವಾಗ ಚುಚ್ತೀರಿ?”

“ಆಗ್ಲೇ ಆಯ್ತು ರೀ. ಹತ್ತಿ ಒತ್ತಿ ಹಿಡ್ಕೊಳ್ಳಿ.”

ನಳಿಕೆ ತುಂಬಿತ್ತು. ರಕ್ತ ಹೆಪ್ಪುಗಟ್ಟದಂತೆ ನಾನು ಅದನ್ನು ಎಂಟು ಸಲ ಮೆಲ್ಲಗೆ ತಿರುವಿ ಯಂತ್ರಕ್ಕಿಟ್ಟೆ. ಬೈಂಡಿಂಗ್‌ನವರು ಮನೆಗೆ ಹೋಗದೆ ಬೆಂಚಿನ ಮೇಲೆ ಕಾದರು. ಅಂಕಿ ಗಡಿಯ ಹತ್ತಿರವಿದ್ದುದರಿಂದ ಇನ್ನೊಮ್ಮೆ ಅಳೆದೆ. ಎರಡನೆಯ ಸಲವೂ ಅದೇ ಬಂತು: ಪ್ರತಿ ಡೆಸಿಲೀಟರಿಗೆ ೧೦.೪ ಗ್ರಾಂ.