ಧನ್ಯಾ ತಿರುಗಿಸಿದ ಫೋಟೋ

ಹಿರೀಸಾವೆಯ ಚನ್ನಪ್ಪನ ಮಗಳು ಧನ್ಯಾಗೆ ಕಂಪ್ಯೂಟರಿನ ಮುಂದೆ ಕೂತರೆ ಭಯವೆಂಬುದೇ ಇರಲಿಲ್ಲ. ಹಾಸನದಲ್ಲಿ ಆರು ತಿಂಗಳ ಕೋರ್ಸು ಮುಗಿಸಿ, ಚನ್ನರಾಯಪಟ್ಟಣದ ಪಂಚಾಕ್ಷರಯ್ಯನವರ ಪ್ರೆಸ್ಸಿಗೆ ಸೇರಿ ಒಂದು ತಿಂಗಳಾಗಿತ್ತು, ಅಷ್ಟೆ. ಅಡ್ಡ ಮಲಗಿದ ಫೋಟೋವನ್ನು ರೊಟೇಟ್ ಕೊಟ್ಟು ನಿಲ್ಲಿಸುವುದು, ಆ ಕಡೆ ನೋಡುವವರನ್ನು ಫ್ಲಿಪ್ ಕೊಟ್ಟು ಈ ಕಡೆ ನೋಡಿಸುವುದು ಅವಳಿಗೆ ನೀರು ಕುಡಿದಷ್ಟು ಸಲೀಸು.

ಯಜಮಾನರು ಮಾತ್ರ ಒಂದು ಮಾತು ಹೇಳಿಟ್ಟಿದ್ದರು. "ಪುರೋಹಿತ್ರ ಮನೆ ಅರವತ್ತರ ಶಾಂತಿ ಕಾರ್ಡು ನೀನೊಬ್ಳೇ ಮಾಡು. ಅವರು ಒಪ್ಕಂಡ್ರೆ ಈ ಕುರ್ಚಿ ನಿಂದು. ಎಡವಟ್ಟಾಯ್ತೋ, ಹಾಸನದ ಮಂಜುನಾಥನ್ನ ಕರೆಸ್ತೀನಿ ಕಣವ್ವ."

ಹೊಳೆನರಸೀಪುರದಿಂದ ಪುರೋಹಿತ ಯೋಗಾನರಸಿಂಹ ಅವರದೂ ಅವರ ಹೆಂಡತಿ ಗೋದಮ್ಮನವರದೂ ಬೇರೆ ಬೇರೆ ಫೋಟೋ ಬಂದವು. ಕಾರ್ಡಿನಲ್ಲಿ ಎಡಕ್ಕೆ ಗಂಡ, ಬಲಕ್ಕೆ ಹೆಂಡತಿ. ಗೋದಮ್ಮ ಗಂಡನ ಕಡೆ ನೋಡುತ್ತಿದ್ದರೆ, ಅಯ್ಯನವರು ಬಸ್ಸಿಗೆ ಕಾಯುವವರ ಹಾಗೆ ಕಾರ್ಡಿನಾಚೆ ನೋಡುತ್ತಿದ್ದರು. ಶಾಂತಿಯ ದಿನ ಇದೆಂಥ ಮುನಿಸು! ಧನ್ಯಾ ಒಂದೇ ಒಂದು ಕಮಾಂಡ್ ಕೊಟ್ಟಳು: ಫ್ಲಿಪ್ ಹಾರಿಜಾಂಟಲ್. ಅಯ್ಯನವರು ಥಟ್ಟನೆ ಹೆಂಡತಿಯ ಕಡೆ ತಿರುಗಿದರು. ಪಂಚಾಕ್ಷರಯ್ಯನವರೂ ನೋಡಿ ತಲೆದೂಗಿದರು. ಐನೂರು ಕಾರ್ಡು ಅಚ್ಚಾಗಿಯೂ ಹೋಯಿತು.

ಮಾರನೆಯ ಬೆಳಿಗ್ಗೆ ದಂಪತಿ ಬಂದರು. ಕಾರ್ಡು ಕೈಗೆ ತೆಗೆದುಕೊಂಡದ್ದೇ ತಡ, ಗೋದಮ್ಮ ಕೆಂಡಾಮಂಡಲವಾದರು.

"ಯಾರೇ ಇದನ್ನ ಮಾಡಿದ್ದು? ಜನಿವಾರ ಬಲಗಡೆ ಹೆಗಲಿಗೆ ಹಾಕಿದ್ದೀಯಲ್ಲ! ತಿಥಿ ದಿನ ಪಿತೃಗಳಿಗೆ ತರ್ಪಣ ಬಿಡುವಾಗ ಹಾಗೆ ಹಾಕ್ಕೊಳ್ತಾರೆ. ಶಾಂತಿ ಕಾರ್ಡಲ್ಲಿ ಹಾಕ್ತಾರೇನೇ?"

ಧನ್ಯಾ ಕಾರ್ಡನ್ನು ಇಸಿದುಕೊಂಡು ನೋಡಿದಳು. ಹೊಲ ಉಳುವವರ ಮನೆಯಲ್ಲಿ ಜನಿವಾರದ ಎಡ ಬಲ ಕಂಡವರು ಯಾರು? ಪಂಚಾಕ್ಷರಯ್ಯನವರ ಕೊರಳಲ್ಲಿ ಇದ್ದದ್ದು ಲಿಂಗ. ಅದು ಎದೆಯ ನಟ್ಟನಡುವೆ ಇರುವಂಥದ್ದು. ಮುಖ ತಿರುಗಿಸಿದರೆ ಮೈಮೇಲಿನದೆಲ್ಲ ತಿರುಗುತ್ತದೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಯಜಮಾನರ ಕೈ ಆಗಲೇ ಫೋನಿನ ಮೇಲಿತ್ತು. ಕುರ್ಚಿ ಕೈತಪ್ಪಿತೆಂದು ಅವಳಿಗೆ ಅಳುವೇ ಬಂತು, ಆದರೆ ಸೋತು ಅಳುವುದು ಅವಳ ಜಾಯಮಾನವಲ್ಲ.

"ತಪ್ಪು ನಂದೇ ಅಮ್ಮೋರೆ. ಐದು ನಿಮಿಸ ಕೊಡಿ, ಜನಿವಾರ ಅಳಿಸ್ಬುಟ್ಟು ಎಡಕ್ಕೆ ಬರೀತೀನಿ."

"ನೀನು ಬರೆದ ಜನಿವಾರಕ್ಕೆ ಗಾಯತ್ರಿ ಹೇಳೋರು ಯಾರು?"

ಯೋಗಾನರಸಿಂಹ ಅವರಿಗೆ ನಗು ತಡೆಯಲಾಗಲಿಲ್ಲ. "ಹೋಗಲಿ ಬಿಡೇ. ನಾಮ ಇಟ್ಕೊಳ್ಳುವಾಗ ಕನ್ನಡೀಲಿ ನಾನು ದಿನಾ ಹೀಗೇ ಕಾಣೋದು."

"ಕನ್ನಡಿ ನೋಡೋರು ನೀವು. ನಿಮ್ಮನ್ನ ನೋಡೋಳು ನಾನು," ಎಂದರು ಗೋದಮ್ಮ.

ಆ ಮಾತು ಧನ್ಯಾಗೆ ನಾಟಿತು. ಫ್ಲಿಪ್ ಇನ್ನೊಮ್ಮೆ ಕೊಟ್ಟಳು. ಜನಿವಾರ ಎಡ ಹೆಗಲಿಗೆ ಬಂತು, ಅಯ್ಯನವರು ಮತ್ತೆ ಕಾರ್ಡಿನಾಚೆ ನೋಡತೊಡಗಿದರು. ಇನ್ನು ಅವರನ್ನು ತಿರುಗಿಸುವ ಹಾಗಿಲ್ಲ. ತಿರುಗಿಸದಿದ್ದರೆ ಹೋಗಲಿ, ಬಾಗಿಸಬಹುದಲ್ಲ? ಅವಳು ರೊಟೇಟ್ ತೆರೆದಳು. ತೊಂಬತ್ತಲ್ಲ, ನಾಲ್ಕೇ ನಾಲ್ಕು ಡಿಗ್ರಿ, ಬಲಕ್ಕೆ. ವಾಲಿದ ಅಂಚುಗಳನ್ನು ಕತ್ತರಿಸಿ ಸಮ ಮಾಡಿದಳು. ಅಯ್ಯನವರ ನೋಟ ಆಚೆಗೇ ಇತ್ತು. ತಲೆ ಮಾತ್ರ ಹೆಂಡತಿಯ ಕಡೆ ವಾಲಿ, ಏನೋ ಕಿವಿಗೊಟ್ಟು ಕೇಳುತ್ತಿರುವಂತೆ ಕಂಡಿತು.

ಧನ್ಯಾ ಎದ್ದು ನಿಂತು ಮಾನಿಟರನ್ನು ಗೋದಮ್ಮನವರಿಗೆ ತೋರಿಸಿದಳು. "ಈಗ ನೋಡಿ ಅಮ್ಮೋರೆ. ಇದೂ ಸರಿ ಇಲ್ಲ ಅಂದ್ರೆ ನಾನೇ ಓಯ್ತೀನಿ."

ಗೋದಮ್ಮ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಸಿಟ್ಟು ಇಳಿಯಿತು. ಕಣ್ಣು ತುಂಬಿ ಬಂತು.

"ಇವರೇ ಕಣೇ. ಮೂವತ್ತೆಂಟು ವರ್ಷದಲ್ಲಿ ನಾನು ಮಾತಾಡುವಾಗ ಒಂದು ದಿನ ನನ್ನ ಮುಖ ನೋಡಿದವರಲ್ಲ. ಆದರೆ ನಾನು ಹೇಳಿದ್ದು ಒಂದನ್ನೂ ಮರೆತವರಲ್ಲ."

ಅಯ್ಯನವರು ಆಗಲೂ ಬೀದಿಯ ಕಡೆ ಮುಖ ಮಾಡಿ ನಿಂತಿದ್ದರು.

ಪಂಚಾಕ್ಷರಯ್ಯನವರು ಫೋನನ್ನು ಕೆಳಗಿಟ್ಟರು. "ಎದ್ದು ಎಲ್ಲಿಗೆ ಓಯ್ತೀಯವ್ವ? ಕೂತ್ಕೊ ನಿನ್ ಕುರ್ಚೀಲಿ. ಐನೂರು ಕಾರ್ಡೂ ಮೊದಲಿಂದ ಆಗ್ಬೇಕು."