ಪ್ರಭುವಿನ ಶೈಲಿ

ಬಾಯಿ ಬಿಟ್ಟು ಹೇಳಬೇಕು ಎನ್ನುವುದೇ ಶಾಂಭವಿಗೆ ದೊಡ್ಡ ಪೀಡೆಯಾಗಿತ್ತು. ಸಮಸ್ಯೆ ಅರ್ಥವಾಗುತ್ತಿತ್ತು, ಬಿಡಿಸುವ ದಾರಿ ಕಾಣುತ್ತಿತ್ತು, ಕೀಬೋರ್ಡು ಸಿಕ್ಕರೆ ಬೆರಳುಗಳು ತಮ್ಮಷ್ಟಕ್ಕೆ ತಾವೇ ಓಡುತ್ತಿದ್ದವು. ಆದರೆ ಸಾಫ್ಟ್‌ವೇರ್ ನೌಕರಿಯ ಸಂದರ್ಶನದಲ್ಲಿ ಪ್ರೋಗ್ರಾಮು ಬರೆದರಷ್ಟೇ ಸಾಲದು. ಈ ಸಾಲು ಯಾಕೆ, ಮುಂದೇನು ಎಂದು ಇಂಗ್ಲಿಷಿನಲ್ಲಿ ಹೇಳುತ್ತಲೇ ಬರೆಯಬೇಕು. ಅವಳು ಹೇಳಲು ಹೋದರೆ ಬೆರಳು ನಿಲ್ಲುತ್ತಿದ್ದವು. ಬೆರಳು ಓಡಿದರೆ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು.

ಗಂಡ ಪ್ರಭು ಎದುರಿಗೆ ಕುಳಿತು ಪರೀಕ್ಷೆ ಮಾಡುವವನಂತೆ ಪ್ರಶ್ನೆ ಕೇಳುತ್ತಿದ್ದ.

"ಹೇಳ, ಹೇಳ. ಹಿಂಗ ತೆಪ್ಪಗ ಕುಂತರ ಅವರಿಗೆ ಹೆಂಗ ತಿಳೀಬೇಕು?"

"ಇಷ್ಟ ದಿನಾ ಹೇಳಾಕ ನೀವು ಇರ್ತಿದ್ರೆಲ್ಲಾ," ಎಂದಳು ಶಾಂಭವಿ.

ಪ್ರಭು ನಗಲು ಹೋಗಿ ಅರ್ಧಕ್ಕೇ ಬಿಟ್ಟ.

ಇಬ್ಬರೂ ಧಾರವಾಡದಲ್ಲಿ ಒಂದೇ ವರ್ಗದಲ್ಲಿ ಎಂ.ಎಸ್ಸಿ. ಓದಿದವರು. ಮದುವೆಯಾಗಿ ಗುಡಗೇರಿಯಲ್ಲಿ ಸಂಸಾರ ಹೂಡಿದ ಮೇಲೆ, ಮನೆಯಿಂದಲೇ ಕೆಲಸ ಮಾಡಲು ಬಿಡುವ ಒಂದು ಕಂಪನಿಗಾಗಿ ಕೂಡಿಯೇ ತಯಾರಿ ನಡೆಸಿದ್ದರು. ಆ ಕಂಪನಿಯಲ್ಲಿ ಎಲ್ಲವನ್ನೂ ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುತ್ತಿದ್ದರು. ಅದು ಅಗದಿ ಕಟ್ಟುನಿಟ್ಟಿನ ಭಾಷೆ. ಕಂಪ್ಯೂಟರಿನ ಮೆಮೊರಿಯಲ್ಲಿರುವ ಪ್ರತಿ ವಸ್ತುವಿಗೂ ಒಬ್ಬರೇ ಯಜಮಾನರು. ಒಮ್ಮೆ ಇನ್ನೊಬ್ಬರಿಗೆ ವಹಿಸಿಕೊಟ್ಟ ಮೇಲೆ ಮೊದಲಿನವರು ಅದನ್ನು ಮುಟ್ಟುವಂತಿಲ್ಲ. ಮುಟ್ಟಿದರೆ, ಬರೆದದ್ದನ್ನು ಪರೀಕ್ಷಿಸುವ ಕಂಪೈಲರು ಕೆಂಪು ಅಕ್ಷರದಲ್ಲಿ ತಪ್ಪು ತೋರಿಸಿ ನಿಂತುಬಿಡುತ್ತದೆ. ಈ ನಿಯಮ ಶಾಂಭವಿಗೆ ಬೇಗ ಒಲಿಯಿತು, ಪ್ರಭುವಿಗೆ ಒಲಿಯಲಿಲ್ಲ. ಆದರೆ ಅವನ ಮಾತು ಚಂದ. ಅವಳು ಟೈಪು ಮಾಡುತ್ತಿದ್ದರೆ, ತೆರೆಯ ಮೇಲೆ ಮೂಡುವ ಸಾಲನ್ನು ತಾನೇ ಯೋಚಿಸಿದವನಂತೆ ವಿವರಿಸುತ್ತ ಹೋಗುತ್ತಿದ್ದ. ಅಭ್ಯಾಸ ಮಾಡಿದ್ದೇ ಹಾಗೆ.

ಪ್ರಭುವಿನ ಸಂದರ್ಶನದ ದಿನ ಅವನಿಗೆ ಮೊದಲನೆಯ ಸಾಲೇ ಹೊಳೆಯಲಿಲ್ಲ. ಕ್ಯಾಮೆರಾದ ಕಣ್ಣಿಗೆ ಬೀಳದಂತೆ ಬಾಜೂಕ್ಕೆ ಕುಳಿತಿದ್ದ ಶಾಂಭವಿ ಅದೇ ಲ್ಯಾಪ್‌ಟಾಪಿಗೆ ಜೋಡಿಸಿದ್ದ ಇನ್ನೊಂದು ಕೀಬೋರ್ಡನ್ನು ಮಡಿಲಿಗೆಳೆದುಕೊಂಡು ತಾನೇ ಬರೆದಳು. ಇದೊಂದು ಸಲ ಎಂದುಕೊಂಡಿದ್ದಳು. ನೌಕರಿ ಸಿಕ್ಕ ಮೇಲೆ ಕೆಲಸವೂ ಹಾಗೇ ನಡೆಯಿತು. ಮೀಟಿಂಗಿನಲ್ಲಿ ಪ್ರಭು ಮಾತಾಡಬೇಕು, ಉಳಿದದ್ದನ್ನು ಶಾಂಭವಿ ಬರೆಯಬೇಕು. ಅವಳೂ ಅರ್ಜಿ ಹಾಕುವುದೆಂದಿತ್ತು. ಗಂಡನ ಕೆಲಸ ಮುಗಿಯುವಷ್ಟರಲ್ಲಿ ಅವಳ ದಿನ ಮುಗಿದಿರುತ್ತಿತ್ತು.

ಅತ್ತೆ ಶಿವಗಂಗವ್ವನಿಗೆ ಕಾಣುತ್ತಿದ್ದದ್ದು ಬೇರೆ. "ನಮ್ಮ ಸೊಸಿ ಆಫೀಸಿನ ಹೊತ್ತಿನ್ಯಾಗೂ ಗಂಡನ ಮಗ್ಗಲ ಬಿಟ್ಟ ಏಳೂದಿಲ್ಲ ನೋಡವಾ," ಎಂದು ಮಗ್ಗುಲ ಮನೆಯ ಬಸಕ್ಕನಿಗೆ ಹೇಳುತ್ತಿದ್ದಳು. "ಆತನ ದುಡಿಮಿ ಮ್ಯಾಗ ಕಾವಲಾ ಇಟ್ಟಾಳ ಬಿಡs," ಎಂದು ಬಸಕ್ಕ ಕಿಚಾಯಿಸುತ್ತಿದ್ದಳು. ಶಾಂಭವಿ ಚಹಾ ಕೊಟ್ಟು ಒಳಗೆ ಬರುತ್ತಿದ್ದಳು. ತಿದ್ದಿ ಹೇಳುವಂತಿರಲಿಲ್ಲ. ನಿಜ ಸಂಗತಿ ಕಂಪನಿಯ ಕಿವಿಗೆ ಬಿದ್ದರೆ ಗಂಡನ ನೌಕರಿ ಹೋಗುತ್ತಿತ್ತು.

ಈಚೆಗೆ ತನ್ನ ಹೆಸರಿನಲ್ಲೇ ದುಡಿಯಬೇಕೆಂಬ ಆಸೆ ಗಟ್ಟಿಯಾಗಿತ್ತು. ಓದು ಮುಗಿದಾಗಿನಿಂದ ಮನೆಯಲ್ಲೇ ಇರುವವಳ ಅರ್ಜಿಯನ್ನು ಎಲ್ಲಿಯೂ ತೆರೆದು ನೋಡಲಿಲ್ಲ. ಕಡೆಗೆ ಪ್ರಭುವೇ ತನ್ನ ಕಂಪನಿಗೆ, ಹೆಂಡತಿಯೆಂದು ಹೇಳಿಯೇ, ಅವಳ ಹೆಸರು ಸೂಚಿಸಿದ. ಸಂದರ್ಶನದ ಕರೆ ಬಂತು. ಅವಳು ಸೇರಿಕೊಂಡರೆ ಅವನ ಕೆಲಸ ಯಾರು ಮಾಡುವುದೆಂಬ ಮಾತನ್ನು ಇಬ್ಬರೂ ಎತ್ತಲಿಲ್ಲ.

ಬುಧವಾರ ಮುಂಜಾನೆ ಅವಳು ಲ್ಯಾಪ್‌ಟಾಪಿನ ಮುಂದೆ ಒಬ್ಬಳೇ ಕುಳಿತಳು. ಪ್ರಭು ಪಡಸಾಲೆಯಲ್ಲಿ ಕುಳಿತು ತಾಯಿ ಮಿಕ್ಸರು ಹಚ್ಚದಂತೆ ಕಾಯುತ್ತಿದ್ದ. ತೆರೆಯ ಮೇಲೆ ಬಂದ ಪುಣೆಯ ಮೇಡಂ ಬೇರೆ ತಂಡದವರು. ಹಸನ್ಮುಖಿ. ಕೊಟ್ಟದ್ದು ಹಳೆಯ ಸಮಸ್ಯೆಯೇ: ಕೊಂಡಿಗೆ ಕೊಂಡಿ ಜೋಡಿಸಿದ ಸರಪಳಿಯಂಥ ಪಟ್ಟಿಯನ್ನು, ನಕಲು ಮಾಡಿಕೊಳ್ಳದೆ, ಇದ್ದಲ್ಲೇ ಹಿಂದುಮುಂದಾಗಿ ತಿರುಗಿಸಬೇಕು.

ಶಾಂಭವಿ ಮಾತಾಡಲು ಬಾಯಿ ತೆರೆದಳು. ಎರಡು ವಾಕ್ಯ ಬಂದವು, ಮೂರನೆಯದು ಬರಲಿಲ್ಲ. ಬೆರಳು ತಾವಾಗಿ ಹೊರಟವು. ಕೊಂಡಿಗಳಿಗೆ ಅವಳು ಎಂದಿನಂತೆ, ಇಂಗ್ಲಿಷ್ ಲಿಪಿಯಲ್ಲಿ, 'ಹಿಂದ' 'ಮುಂದ' ಎಂದೇ ಹೆಸರಿಟ್ಟಳು. ಆ ಹೆಸರು ಏನಿದ್ದರೂ ಪ್ರೋಗ್ರಾಮು ಓಡುತ್ತದೆ. ಮನೆಮಾತಿನಲ್ಲಿ ಇಟ್ಟುಕೊಂಡರೆ ಅವಳಿಗೆ ಗೊಂದಲವಾಗುತ್ತಿರಲಿಲ್ಲ.

ಮೇಡಂ ಮುಂದಕ್ಕೆ ಬಾಗಿ ನೋಡಿ ನಕ್ಕುಬಿಟ್ಟರು. ಇವು ಪ್ರಭುವಿನ ಶಬ್ದಗಳಲ್ಲವೇ ಎಂದರು. ಅವನ ಕೋಡನ್ನು ತಪಾಸಣೆ ಮಾಡುವವರಲ್ಲಿ ತಾನೂ ಒಬ್ಬಳು, ಈ ಎರಡು ಕನ್ನಡ ಶಬ್ದ ತಮ್ಮ ಕಡೆ ಎಲ್ಲರಿಗೂ ಗೊತ್ತು, ಸಾಲುಗಳ ಅಚ್ಚುಕಟ್ಟೂ ಅವನದೇ, ಹೆಂಡತಿಗೆ ಚೆನ್ನಾಗಿ ಕಲಿಸಿದ್ದಾನೆ ಎಂದು ಮೆಚ್ಚಿದರು.

ಶಾಂಭವಿಯ ಕೈ ಕೀಲಿಗಳ ಮೇಲೆ ನಿಂತವು. ನಾನೇ ಬರೆದದ್ದು ಎಂದರೆ ಹೊರಗೆ ಕುಳಿತವನು ಈ ಹೊತ್ತೇ ಕೆಲಸ ಕಳೆದುಕೊಳ್ಳುತ್ತಾನೆ. ಮೋಸಕ್ಕೆ ಕೈಜೋಡಿಸಿದವಳನ್ನೂ ಯಾರೂ ತೆಗೆದುಕೊಳ್ಳುವುದಿಲ್ಲ. ಹೌದು ಮೇಡಂ, ಅವರೇ ಕಲಿಸಿದ್ದು ಎಂದಳು. ವಿಚಿತ್ರವೆಂದರೆ ಈ ವಾಕ್ಯ ತಡವರಿಸದೆ ಬಂತು.

ಹಾಗಾದರೆ ಪ್ರಭುವಿನ ಶೈಲಿ ಸಾಕು, ಈಗ ನಿಮ್ಮದೇ ರೀತಿಯಲ್ಲಿ ಬರೆದು ತೋರಿಸಿ ಎಂದರು ಮೇಡಂ.

ಅದರಲ್ಲಿ ಕೊಂಕಿರಲಿಲ್ಲ. ಅವಳಿಗೆ ಅನುಕೂಲವಾಗಲೆಂದೇ ಕೇಳಿದ್ದರು. ಶಾಂಭವಿ ಬರೆದದ್ದನ್ನೆಲ್ಲ ಅಳಿಸಿದಳು. ಖಾಲಿ ತೆರೆಯ ಮೇಲೆ ಗೆರೆಯೊಂದು ಮಿಣುಕುತ್ತಿತ್ತು. ತನ್ನ ರೀತಿಯನ್ನು ಬರೆದರೆ ಅದು ಮತ್ತೆ ಪ್ರಭುವಿನದಾಗುತ್ತದೆ. ಅವಳಿಗೆ ಗೊತ್ತಿದ್ದ ಇನ್ನೊಂದು ರೀತಿಯೆಂದರೆ ಪ್ರಭು ನಿಜವಾಗಿ ಬರೆಯುವ ರೀತಿ. ಯಜಮಾನಿಕೆಯ ನಿಯಮ ಅಡ್ಡ ಬಂದಲ್ಲೆಲ್ಲ ಅವನು ವಸ್ತುವಿನ ನಕಲು ಮಾಡಿ ಪಾರಾಗುತ್ತಿದ್ದ. ಅವಳು ಹಾಗೇ ಬರೆದಳು. ಪಟ್ಟಿಯನ್ನೆಲ್ಲ ನಕಲು ಮಾಡಿ, ಹೊಸದೊಂದರಲ್ಲಿ ತಿರುವಿ ತುಂಬಿದಳು. ಉತ್ತರ ಸರಿ ಬಂತು, ಕೊಟ್ಟ ಷರತ್ತು ಮುರಿದಿತ್ತು.

ಮೇಡಂ ಮೃದುವಾಗಿ ಮಾತು ಮುಗಿಸಿದರು. ತಳಹದಿ ಇದೆ, ಅಭ್ಯಾಸ ಬೇಕು. ಆರು ತಿಂಗಳು ಬಿಟ್ಟು ಮತ್ತೆ ಬನ್ನಿ, ಅಲ್ಲಿಯವರೆಗೆ ಪ್ರಭುವಿನ ಬಳಿ ಕಲಿಯಿರಿ.

ಬಾಗಿಲು ತೆರೆದಾಗ ಪ್ರಭು ಎದ್ದು ನಿಂತ. ಶಿವಗಂಗವ್ವ ಬಾಗಿಲಲ್ಲೇ ಕುಳಿತು ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ಶಾಂಭವಿ ಅವನನ್ನು ಒಳಗೆ ಕರೆದು, ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಅವನು ಮಂಚದ ತುದಿಗೆ ಕುಳಿತ. ನಾನು ಅವರಿಗೆ ಖರೇ ಹೇಳಿಬಿಡುತ್ತೇನೆ ಎಂದ.

"ಏನಂತ ಹೇಳ್ತೀರಿ? ನಿಮ್ಮನ್ನ ಹೊರಗ ಹಾಕ್ತಾರ, ನನ್ನ ಒಳಗ ತಗೊಳ್ಳೂದಿಲ್ಲ, ಅಷ್ಟs."

"ಮತ್ತೇನ್ ಮಾಡೂದು, ಶಾಂಭವಿ?"

ಅವಳು ಕುರ್ಚಿಯನ್ನು ಅವನ ಕಡೆ ತಿರುಗಿಸಿದಳು. "ಆರು ತಿಂಗಳು ಅಂದಾರ. ಅದು ನನಗಲ್ಲ, ನಿಮಗ. ಅಷ್ಟರಾಗ ನಿಮ್ಮ ಕೆಲಸಾ ನೀವ ಮಾಡೂಹಂಗ ಆಗಬೇಕು. ಬರ್ರಿ, ಇಲ್ಲಿ ಕುಂಡ್ರರಿ. ಇವತ್ತಿನ ಕೆಲಸಾ ನೀವ ಬರೀರಿ. ನಾ ಬಾಯಿಲೆ ಹೇಳ್ತೀನಿ, ಕೈ ಹಚ್ಚೂದಿಲ್ಲ."

ಪ್ರಭು ಕುಳಿತ. ಮೊದಲನೆಯ ಸಾಲಿಗೇ ಕೆಂಪು ಬಿತ್ತು. ಅವಳು ಏನಾಗಿದೆ ಎಂದು ಹೇಳತೊಡಗಿದಳು. ನಡುವೆ ತಡೆಯಿತು, ಮತ್ತೆ ಮೊದಲಿನಿಂದ ಹೇಳಿದಳು. ಅವನು ಅಳಿಸಿ ಬರೆದ. ಮತ್ತೆ ಕೆಂಪು. ಮೂಲೆಯಲ್ಲಿ ಕಂಪನಿಯ ಸಂದೇಶ ಬಂದು ನಿಂತಿತು: ಮಧ್ಯಾಹ್ನದೊಳಗೆ ಕೆಲಸ ಒಪ್ಪಿಸಬೇಕು. ಪ್ರಭು ಅದನ್ನು ಓದಿ ಅವಳ ಮುಖ ನೋಡಿದ. ಆಮೇಲೆ ಕೀಬೋರ್ಡು ನೋಡಿದ. ಅದನ್ನು ಅವಳ ಕಡೆ ಸರಿಸಲು ಅವನ ಕೈ ಅಂಚಿಗೆ ಹೋಗಿ ನಿಂತಿತು.

ಅವಳು ಬರೆದರೆ ಊಟದ ಹೊತ್ತಿಗೆ ಮುಗಿಯುತ್ತಿತ್ತು. ಶಾಂಭವಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೆ ಕುಳಿತಳು. ಕೈ ಅಲ್ಲಿ ಸುಮ್ಮನಿರಲಿಲ್ಲ. ಪ್ರಭು ತೋರುಬೆರಳೆತ್ತಿಕೊಂಡು ಕೀಲಿಗಳ ಮೇಲೆ ಒಂದು ಚಿಹ್ನೆ ಹುಡುಕತೊಡಗಿದ. ಅದು ಎಲ್ಲಿದೆಯೆಂದು ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು.