ಹೂಮಳೆ ನೀರಿನ ಡ್ರಮ್ಮು

ಕಾಫಿ ಹೂವು ಅರಳಿಸುವ ಮೊದಲ ಮಳೆಗೆ ನಮ್ಮ ಬಣಕಲ್ ಕಡೆ ಹೂಮಳೆ ಎನ್ನುತ್ತೇವೆ. ಆ ನೀರು ನರ್ಸರಿಯ ಸಸಿಗೆ ಬಲು ಒಳ್ಳೆಯದೆಂದು ನಮ್ಮ ಯಜಮಾನರು ರುದ್ರಪ್ಪನವರು ಡ್ರಮ್ಮುಗಳಲ್ಲಿ ಹಿಡಿದಿಡುತ್ತಿದ್ದರು. ಒಂದು ತೊಟ್ಟು ಚೆಲ್ಲಿದರೂ ಮುಖ ಗಂಟಿಕ್ಕುತ್ತಿದ್ದರು.

ಮೂರು ವರ್ಷದ ಹಿಂದೆ, 2005ರ ಏಪ್ರಿಲ್‌ನಲ್ಲಿ, ಊರಿನ ಮೂರು ಮನೆಗೆ ಡೆಂಗಿ ಜ್ವರ ಬಂತು. ನರ್ಸ್ ಪ್ರೇಮಕುಮಾರಿ ನಮ್ಮ ಮನೆಗೂ ಬಂದು, ಡ್ರಮ್ಮಿನ ನೀರನ್ನು ಬಿಳಿ ಬಟ್ಟಲಿಗೆ ಮೊಗೆದು ತೋರಿಸಿದರು. ಸಣ್ಣ ಹುಳುಗಳು ಮಿಜಿಗುಡುತ್ತಿದ್ದವು.

"ರುದ್ರಪ್ಪನವ್ರೇ, ಇವು ಸೊಳ್ಳೆ ಮರಿ. ಇವತ್ತೇ ಚೆಲ್ಬಿಡಿ."

"ಸೊಳ್ಳೆ ಹುಟ್ಟೋದು ಚರಂಡೀಲಿ ಕಣ್ರೀ ನರ್ಸಮ್ಮ. ಇದು ಮಳೆ ನೀರು! ಅದೂ ಅಲ್ದೆ ನಮ್ಮ ಗುಡ್ಡದ ಚಳಿಗೆ ಯಾವ ಸೊಳ್ಳೆ ಬದುಕುತ್ತೆ?"

"ಡೆಂಗಿ ಸೊಳ್ಳೆಗೆ ಇಂಥ ತಿಳಿನೀರೇ ಬೇಕು. ಚಳಿ ಎಲ್ಲಿದೆ ಹೇಳಿ? ಮುಂಚೆ ಈ ತಿಂಗಳಲ್ಲೂ ಬೆಳಿಗ್ಗೆ ಕಂಬಳಿ ಹೊದ್ಕೊಂಡು ತೋಟಕ್ಕೆ ಹೋಗ್ತಿದ್ರಿ. ಈಗ ಹೋಗ್ತೀರಾ? ಭೂಮಿ ಬಿಸಿ ಆಗ್ತಾ ಇದೆ. ಸೆಕೆ ಹೆಚ್ಚಾದ್ರೆ ಸೊಳ್ಳೆ ಬೇಗ ಬೆಳೆಯುತ್ತೆ, ಅದರ ಮೈಯೊಳಗೆ ರೋಗಾಣೂನೂ ಬೇಗ ಬಲಿಯುತ್ತೆ. ಬಯಲುಸೀಮೆ ಜ್ವರ ಈಗ ಗುಡ್ಡ ಹತ್ತಿದೆ."

"ನಲವತ್ತು ವರ್ಷದಿಂದ ನೀರು ಹಿಡೀತಿದೀನಿ ಮಾರಾಯ್ತಿ, ಏನೂ ಆಗಿಲ್ಲ!"

"ಆಗಿನ ಹವೆ ಬೇರೆ, ಈಗಿಂದು ಬೇರೆ. ಮನೇಲಿ ಬಸುರಿ ಬೇರೆ ಇದಾಳೆ."

ಇವರು ಕೇಳಲಿಲ್ಲ. ನಾನಾದರೂ ಚೆಲ್ಲಬಹುದಿತ್ತು. ಯಾಕೆ ಸುಮ್ಮನೆ ಬೈಸಿಕೊಳ್ಳುವುದೆಂದು ಬಾಯಿ ಮುಚ್ಚಿಕೊಂಡೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಸೊಸೆ ಸುಪ್ರಿಯಾಗೆ ಆಗ ಏಳು ತಿಂಗಳು. ಹಗಲೆಲ್ಲ ಆ ಡ್ರಮ್ಮುಗಳ ಪಕ್ಕ ಕೂತು ಸಸಿ ಚೀಲಕ್ಕೆ ಮಣ್ಣು ತುಂಬುತ್ತಿದ್ದಳು. ಈ ಸೊಳ್ಳೆ ಕಚ್ಚುವುದೂ ಹಗಲಲ್ಲೇ. ಹತ್ತು ದಿನದೊಳಗೆ ಅವಳ ಮೈ ಕೆಂಡದಂತೆ ಸುಡತೊಡಗಿತು. ಮೂಡಿಗೆರೆಗೆ, ಅಲ್ಲಿಂದ ಹಾಸನಕ್ಕೆ ಓಡಿದೆವು. ಸುಪ್ರಿಯಾ ಉಳಿದಳು. ಹೊಟ್ಟೆಯೊಳಗಿನ ಮಗು ಉಳಿಯಲಿಲ್ಲ.

ಆಸ್ಪತ್ರೆಯಿಂದ ಬಂದವರೇ ಇವರು ನೇರ ನರ್ಸರಿಗೆ ಹೋಗಿ ಡ್ರಮ್ಮುಗಳನ್ನು ಒಂದೊಂದಾಗಿ ಉರುಳಿಸಿದರು.

"ಗಿರಿಜಾ, ನರ್ಸಮ್ಮ ಕಣ್ಣೆದುರಿಗೇ ತೋರ್ಸಿದ್ರು ಕಣೇ. ನಾನೇ ಕೇಳ್ಲಿಲ್ಲ" ಎಂದು ಅಲ್ಲೇ ಕುಸಿದು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಈಗ ಪ್ರತಿ ಶುಕ್ರವಾರ ಅವರೇ ನಿಂತು ಡ್ರಮ್ಮು, ತೊಟ್ಟಿ ಎಲ್ಲ ಖಾಲಿ ಮಾಡಿ ಉಜ್ಜಿಸುತ್ತಾರೆ. ಪಕ್ಕದ ಮನೆಯವರಿಗೂ ಹೇಳಿ ಬರುತ್ತಾರೆ.

ನಮ್ಮ ಮಹಿಳಾ ಸಂಘದ ಅಕ್ಕತಂಗಿಯರೇ, ನಮ್ಮದು ತಂಪು ಊರು ಎಂದು ಇನ್ನು ನೆಮ್ಮದಿಯಾಗಿರಬೇಡಿ. ವಾರಕ್ಕೊಮ್ಮೆ ನಿಂತ ನೀರು ಚೆಲ್ಲಿ, ಪಾತ್ರೆ ಉಜ್ಜಿ, ಬಿಗಿಯಾಗಿ ಮುಚ್ಚಿಡಿ. ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಯಾರಾದರೂ ಬೇಡ ಎಂದರೆ ನೀವೇ ಚೆಲ್ಲಿ, ಬೈದರೆ ಬೈಸಿಕೊಳ್ಳಿ. ಅಂದು ನಾನು ಬೈಸಿಕೊಂಡಿದ್ದರೆ ನನ್ನ ಮೊಮ್ಮಗು ಈ ವರ್ಷ ಅಂಗನವಾಡಿಗೆ ಹೋಗುತ್ತಿತ್ತು.